ಅಜ್ಜಿಗೆ ಗೊತ್ತಿಲ್ಲ ಅಂದ್ಕೊಂಡೆ

ಮೊಮ್ಮಗಳು ಮಾತು ಕಲಿಯತೊಡಗಿದಾಗ ಮನೆಮಂದಿಯೆಲ್ಲ ಹೆಸರುಗಳ ಲೆಕ್ಕ ಹಿಡಿದೆವು. ಕಾಗೆ, ಬಸ್ಸು, ಚಪ್ಪಲಿ, ಕುಕ್ಕರ್. ನೆಂಟರು ಬಂದರಂತೂ ಪ್ರದರ್ಶನವೇ. ಆದರೆ ಅವಳು ಬೆಳೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಬಗೆಯ ಮಾತುಗಳಲ್ಲಿ.

ಎರಡು ತುಂಬಿದಾಗ ಅವಳಪ್ಪ ಫೋನಿನಲ್ಲಿ "ಊಟ ಆಯ್ತಾ?" ಎಂದರೆ ಸುಮ್ಮನೆ ತಲೆಯಾಡಿಸುತ್ತಿದ್ದಳು. ಕಣ್ಣಾಮುಚ್ಚಾಲೆಯಲ್ಲಿ ಪರದೆಗೆ ಮುಖ ಹುದುಗಿಸಿ, ಬೆನ್ನೆಲ್ಲ ಹೊರಗೆ ಬಿಟ್ಟು, "ನಾನಿಲ್ಲ" ಎನ್ನುವಳು. ಪದಗಳಿಗೇನೂ ಕೊರತೆಯಿರಲಿಲ್ಲ. ಎದುರಿನವರಿಗೆ ಏನು ಕಾಣುತ್ತದೆ, ಏನು ಕಾಣದು ಎಂಬುದಿನ್ನೂ ಹೊಳೆದಿರಲಿಲ್ಲ.

ಇದನ್ನೇ ಅಳೆಯಲು ಹೈಂಜ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ 1983ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ಅಮ್ಮ ಅದನ್ನು ಬೇರೆ ಕಪಾಟಿಗೆ ಸರಿಸುತ್ತಾಳೆ. ಮರಳಿ ಬಂದವನು ಎಲ್ಲಿ ಹುಡುಕುತ್ತಾನೆ? ಮೂರರ ಮಕ್ಕಳು ಸಾಮಾನ್ಯವಾಗಿ ಈಗಿರುವ ಜಾಗವನ್ನೇ ತೋರಿಸುತ್ತಾರೆ. ನಾಲ್ಕೈದರ ಹೊತ್ತಿಗೆ ಉತ್ತರ ಬದಲಾಗುತ್ತದೆ. ಅಜ್ಜ ವಾಕಿಂಗ್ ಹೋದಾಗ ನಾನೂ ಚಕ್ಕುಲಿ ಡಬ್ಬಿಯನ್ನು ಅಟ್ಟಕ್ಕೆ ಸರಿಸಿ, ಅಜ್ಜ ಬಂದು ಎಲ್ಲಿ ಹುಡುಕ್ತಾರೆ ಎಂದು ಅವಳನ್ನು ಕೇಳಿದೆ. "ಅಟ್ಟದ ಮೇಲೆ ಹುಡುಕ್ತಾರೆ. ಅಲ್ಲೇ ಇದೆಯಲ್ಲ!" ಎಂದು ನನ್ನನ್ನೇ ಪೆದ್ದಿಯಂತೆ ನೋಡಿದಳು.

ನಾಲ್ಕು ದಾಟಿದ ಮೇಲೆ 'ಅಂದ್ಕೊಂಡೆ', 'ಮರ್ತೋಯ್ತು', 'ಸುಮ್ನೆ ಹೇಳ್ದೆ', 'ಅವ್ನಿಗೆ ಗೊತ್ತಿಲ್ಲ' ಒಂದರ ಹಿಂದೊಂದು ಬಂದವು. ಜೊತೆಗೆ ಸುಳ್ಳೂ ಬಂತು. ಬಾಯಿ ಸುತ್ತ ಬೆಲ್ಲ ಮೆತ್ತಿಕೊಂಡು "ನಾನು ತಿಂದಿಲ್ಲ" ಎಂದಳು. ಸೊಸೆಗೆ ಆತಂಕ. ನನಗೆ ಒಳಗೊಳಗೇ ಸಮಾಧಾನ. ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಲಿಕ್ಕಿಲ್ಲ ಎಂದು ಅರಿಯದೆ ಬೇಕೆಂದೇ ಸುಳ್ಳು ಹೇಳುವುದು ಕಷ್ಟ. "ಬೆಲ್ಲ ಬೇಕಿದ್ರೆ ಕೇಳು, ಕೊಡ್ತೀನಿ" ಎಂದಷ್ಟೇ ಹೇಳಿ ಬಾಯಿ ಒರೆಸಿದೆ. ಅದೇ ತಿಳಿವಳಿಕೆ ಅವಳಿಗೆ ಕರುಣೆಯ ದಾರಿಯನ್ನೂ ತೋರಿಸಿತ್ತು. ಮೊದಲೆಲ್ಲ ಯಾರಾದರೂ ಅತ್ತರೆ ತನ್ನ ಗೊಂಬೆ ಕೊಡುತ್ತಿದ್ದವಳು, ಈಗ ಬಿದ್ದು ಅಳುತ್ತಿದ್ದ ಪಕ್ಕದ ಮನೆ ಹುಡುಗನಿಗೆ ಅವನದೇ ಕಾರು ಹುಡುಕಿ ತಂದಳು.

'ಅಂದ್ಕೊಂಡೆ', 'ಗೊತ್ತಿಲ್ಲ' ಎಂಬಂಥ ಮಾತುಗಳನ್ನು ಚಿತ್ರದ ಪುಸ್ತಕ ತೋರಿಸಿ ಕಲಿಸಲಾಗದು. ಮನಸ್ಸು ಕಣ್ಣಿಗೆ ಕಾಣುವುದಿಲ್ಲವಲ್ಲ. ಹಾಗಾಗಿ ನನ್ನ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವುದನ್ನು ರೂಢಿಸಿಕೊಂಡೆ: "ನಿಂಗೆ ಹಸಿವಾಗಿದೆ ಅಂದ್ಕೊಂಡೆ, ನಿದ್ದೆ ಬಂದಿತ್ತಾ?" ಕಥೆಯ ನಡುವೆ ನಿಲ್ಲಿಸಿ "ಮೊಲ ಎಲ್ಲಿದೆ ಅಂತ ನರಿಗೆ ಗೊತ್ತಾ?" ಎಂದು ಕೇಳುತ್ತಿದ್ದೆ. ಬಹಳ ದಿನ ನಡೆಯಿತು. ಒಮ್ಮೆ ಅವಳೇ ತಡೆದಳು: "ಅಜ್ಜಿ, ನಿಂಗೆ ಗೊತ್ತಿದ್ದೂ ಯಾಕೆ ಕೇಳ್ತೀಯ?"

ಆ ಉಪಾಯ ಅಲ್ಲಿಗೆ ಮುಗಿಯಿತು.