ಯಂತ್ರ ಗರಗಸದ ಪಾಲನೆ ಮತ್ತು ದುರಸ್ತಿ

ಮಲೆನಾಡು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಕೊಯ್ಲು ಮುಗಿದು ಮುಂಗಾರು ಹಿಡಿಯುವುದರೊಳಗೆ ಮರದ ಕೆಲಸ ಮುಗಿಯಬೇಕು. ನೆರಳು ಮರಗಳ ಮರಗಸಿ, ಬಲಿತ ಸಿಲ್ವರ್ ಓಕ್ ಮರಗಳ ಕಡಿತ, ಗಾಳಿಗೆ ಬಿದ್ದ ಮರಗಳನ್ನು ತುಂಡರಿಸುವುದು ಇವೆಲ್ಲವೂ ಕೆಲವೇ ವಾರಗಳಲ್ಲಿ ಆಗಬೇಕಾದ ಕೆಲಸಗಳು. ಹಿಂದೆ ಇಬ್ಬರು ಆಳು ಎದುರುಬದುರು ಕುಳಿತು ಗರಗಸ ಎಳೆದು ಮಾಡುತ್ತಿದ್ದ ಕೆಲಸವನ್ನು ಈಗ ಚೈನ್‌ಸಾ ಎಂದು ಕರೆಯುವ ಯಂತ್ರ ಗರಗಸ ಕೆಲವು ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ಆಳುಗಳ ಅಭಾವವಿರುವ ಈ ಕಾಲದಲ್ಲಿ ಇದು ರೈತರಿಗೆ ದೊಡ್ಡ ಅನುಕೂಲ.

ಆದರೆ ಕೊಂಡ ಎರಡನೆಯ ವರ್ಷಕ್ಕೇ ಮೂಲೆ ಸೇರಿದ ಗರಗಸಗಳನ್ನು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಕೈಕಾಲಿಗೆ ಏಟು ಮಾಡಿಕೊಂಡವರನ್ನೂ ಕಾಣುತ್ತೇವೆ. ಈ ಎರಡಕ್ಕೂ ಕಾರಣ ಬಹುಮಟ್ಟಿಗೆ ಒಂದೇ: ಮೊಂಡಾದ ಚೈನ್ ಮತ್ತು ಪಾಲನೆಯ ಕೊರತೆ. ಮೊಂಡು ಗರಗಸವನ್ನು ಕೆಲಸಗಾರನು ಬಲವಾಗಿ ಒತ್ತುತ್ತಾನೆ. ಒತ್ತಿದಷ್ಟೂ ಇಂಜಿನ್ ಕಾಯುತ್ತದೆ, ಬಾರ್ ಸವೆಯುತ್ತದೆ, ತೋಳು ಸೋಲುತ್ತದೆ. ಸೋತ ಕೈಯಲ್ಲಿ ಗರಗಸ ಜಾರುತ್ತದೆ. ಆದುದರಿಂದ ಪ್ರತಿದಿನ ಕೆಲಸದ ಕೊನೆಯಲ್ಲಿ ಅರ್ಧ ಗಂಟೆಯನ್ನು ಗರಗಸದ ಪಾಲನೆಗೆ ಮೀಸಲಿಡುವುದು ಅತ್ಯವಶ್ಯಕ.

ಚೈನ್ ಕೊಯ್ಯುವ ಬಗೆ

ಸಾಣೆ ಹಿಡಿಯುವ ಮೊದಲು ಹಲ್ಲು ಹೇಗೆ ಕೊಯ್ಯುತ್ತದೆ ಎಂಬುದನ್ನು ತಿಳಿದಿರಬೇಕು. ಕಾಫಿಯ ಕಾಂಡಕೊರಕ ಹುಳು ಗಿಡದೊಳಗೆ ಸುರಂಗ ಮಾಡುವುದನ್ನು ನಮ್ಮ ಬೆಳೆಗಾರರು ಬಲ್ಲರು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸ ಮಾಡುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಇಂಥದೇ ಒಂದು ಮರಕೊರಕ ಹುಳುವನ್ನು ಗಮನಿಸಿದನು. ಅದು ತನ್ನ ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರವನ್ನು ಕೆತ್ತುತ್ತಾ ಸಾಗುತ್ತಿತ್ತು. ಅದೇ ಮಾದರಿಯಲ್ಲಿ ಆತ ಎಡ ಮತ್ತು ಬಲ ಹಲ್ಲುಗಳಿರುವ ಚೈನ್ ರಚಿಸಿದನು. ಇಂದು ನಾವು ಬಳಸುವ ಚೈನ್ ಆ ಬಗೆಯದೇ.

ಈ ಚೈನಿನ ಪ್ರತಿಯೊಂದು ಕೊಯ್ಯುವ ಹಲ್ಲಿನಲ್ಲಿ ಎರಡು ಭಾಗಗಳಿವೆ. ಹಿಂದಿನದು ಮರವನ್ನು ಕೆತ್ತುವ ಅಲಗು. ಮುಂದಿನದು ಡೆಪ್ತ್ ಗೇಜ್ ಎಂಬ ಸಣ್ಣ ದಿಬ್ಬ. ಅಲಗು ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ಈ ದಿಬ್ಬ ನಿರ್ಧರಿಸುತ್ತದೆ. ನೇಗಿಲಿನ ಆಳವನ್ನು ರೈತನು ಕೈಯಿಂದ ಹಿಡಿತದಲ್ಲಿಡುವಂತೆ. ಸಾಮಾನ್ಯವಾಗಿ ದಿಬ್ಬವು ಅಲಗಿಗಿಂತ ಸುಮಾರು 0.65 ಮಿ.ಮೀ. ತಗ್ಗಿನಲ್ಲಿರಬೇಕು.

ಗರಗಸದ ಹುಡಿ ಹೇಳುವ ಮಾತು

ಚೈನ್ ಹರಿತವಾಗಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಹೊರಬೀಳುವ ಹುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಸಾಕು. ಹುಡಿ ದಪ್ಪ ಚಕ್ಕೆಗಳಾಗಿದ್ದರೆ ಚೈನ್ ಹರಿತವಾಗಿದೆ. ಹಿಟ್ಟಿನಂತೆ ನುಣುಪಾಗಿದ್ದರೆ ಮೊಂಡಾಗಿದೆ. ಗರಗಸ ತನ್ನಷ್ಟಕ್ಕೆ ಮರದೊಳಗೆ ಇಳಿಯಬೇಕು. ಒತ್ತಿದರೆ ಮಾತ್ರ ಇಳಿಯುವಂತಿದ್ದರೆ ಅಥವಾ ಕೊಯ್ತದಿಂದ ಹೊಗೆ ಬಂದರೆ ಕೂಡಲೇ ಕೆಲಸ ನಿಲ್ಲಿಸತಕ್ಕದ್ದು.

ಚೈನ್ ಒಮ್ಮೆ ನೆಲಕ್ಕೆ ತಗಲಿದರೂ ಮಣ್ಣಿನ ಮರಳಿನಿಂದ ಅಲಗಿನ ಅಂಚು ಹೋಗುತ್ತದೆ. ತೆಂಗಿನ ಕಾಂಡ, ಮಣ್ಣು ಮೆತ್ತಿದ ತೊಗಟೆ, ಹಳೆಯ ಮೊಳೆ ಮತ್ತು ಬೇಲಿ ತಂತಿ ಹೂತಿರುವ ಮರ ಇವೂ ಚೈನನ್ನು ಬೇಗ ಕೆಡಿಸುತ್ತವೆ. ಬಿದ್ದ ದಿಮ್ಮಿ ಕೊಯ್ಯುವಾಗ ಅಡಿಗೆ ತುಂಡು ಮರಗಳನ್ನು ಕೊಟ್ಟು ನೆಲದಿಂದ ಮೇಲೆತ್ತಿಕೊಳ್ಳುವುದು ಒಳ್ಳೆಯದು.

ಸಾಣೆ ಹಿಡಿಯುವ ಕ್ರಮ

ದುಂಡು ಅರದಿಂದಲೇ ಸಾಣೆ ಹಿಡಿಯಬೇಕು. ಅರದ ಗಾತ್ರ ಚೈನಿನ ಪಿಚ್ಚಿಗೆ ಹೊಂದಿಕೊಂಡಿರಬೇಕು. ಪಿಚ್ ಎಂದರೆ ಸಾಲಾಗಿರುವ ಮೂರು ರಿವೆಟ್‌ಗಳ ನಡುವಣ ಅಂತರದ ಅರ್ಧ. ಸಾಮಾನ್ಯವಾಗಿ ಬಳಸುವ ಅರಗಳು ಹೀಗಿವೆ:

ಸಣ್ಣ ಗರಗಸಗಳ 3/8 ಅಂಗುಲದ ತಗ್ಗು ಚೈನ್: 4.0 ಮಿ.ಮೀ. ಅರ
0.325 ಅಂಗುಲದ ಚೈನ್: 4.8 ಮಿ.ಮೀ. ಅರ
ದೊಡ್ಡ ಗರಗಸಗಳ 3/8 ಅಂಗುಲದ ಚೈನ್: 5.2 ಅಥವಾ 5.5 ಮಿ.ಮೀ. ಅರ

ಕೊಳ್ಳುವ ಮೊದಲು ಗರಗಸದೊಡನೆ ಬಂದಿರುವ ಕೈಪಿಡಿಯನ್ನು ನೋಡಿ ಖಚಿತಪಡಿಸಿಕೊಳ್ಳಿರಿ. ಸಾಣೆಯ ಕೆಲಸ ಈ ಕ್ರಮದಲ್ಲಿರಲಿ:

1. ಇಂಜಿನ್ ನಿಲ್ಲಿಸಿ, ಬಾರನ್ನು ದಿಮ್ಮಿಯ ಸೀಳಿನಲ್ಲಿ ಅಥವಾ ವೈಸ್‌ನಲ್ಲಿ ಭದ್ರವಾಗಿ ಹಿಡಿಸಿರಿ. ಕೈಗವಸು ತೊಡಿರಿ.

2. ಎಲ್ಲಕ್ಕಿಂತ ಹೆಚ್ಚು ಸವೆದ ಹಲ್ಲನ್ನು ಹುಡುಕಿ ಅದಕ್ಕೆ ಮೊದಲು ಸಾಣೆ ಹಿಡಿಯಿರಿ. ಉಳಿದ ಎಲ್ಲ ಹಲ್ಲುಗಳನ್ನೂ ಅದರ ಉದ್ದಕ್ಕೇ ತರಬೇಕು. ಆರಂಭಿಸಿದ ಹಲ್ಲಿಗೆ ಸೀಮೆಸುಣ್ಣದ ಗುರುತು ಮಾಡಿಕೊಳ್ಳಿರಿ.

3. ಅರವನ್ನು ನೆಲಕ್ಕೆ ಸಮನಾಗಿ, ಹಲ್ಲಿನ ಮೇಲೆ ಕೊರೆದಿರುವ ಓರೆ ಗೆರೆಗೆ ಸರಿಯಾಗಿ ಹಿಡಿಯಿರಿ. ಸಾಮಾನ್ಯ ಚೈನಿಗೆ ಈ ಓರೆ 30 ಡಿಗ್ರಿ. ಅರದ ಐದನೆಯ ಒಂದು ಭಾಗ ಹಲ್ಲಿನ ಮೇಲಂಚಿಗಿಂತ ಮೇಲಿರಲಿ.

4. ಹಲ್ಲಿನ ಒಳಬದಿಯಿಂದ ಹೊರಬದಿಗೆ ಮಾತ್ರ ಅರವನ್ನು ತಳ್ಳಬೇಕು. ಹಿಂದಕ್ಕೆ ತರುವಾಗ ಎತ್ತಿ ತರಬೇಕು. ಹಿಂದೆ ಮುಂದೆ ಉಜ್ಜಿದರೆ ಅರವೂ ಹಾಳು, ಹಲ್ಲೂ ಹಾಳು.

5. ಪ್ರತಿ ಹಲ್ಲಿಗೂ ಸಮನಾಗಿ ಎರಡು ಅಥವಾ ಮೂರು ಎಳೆ ಸಾಕು. ಒಂದು ಬದಿಯ ಹಲ್ಲುಗಳನ್ನು ಮುಗಿಸಿ ಆಮೇಲೆ ಇನ್ನೊಂದು ಬದಿಯವನ್ನು ಮಾಡಿರಿ. ಒಂದು ಬದಿಯ ಹಲ್ಲು ಗಿಡ್ಡವಾದರೆ ಗರಗಸ ಓರೆಯಾಗಿ ಕೊಯ್ಯುತ್ತದೆ.

6. ನಾಲ್ಕೈದು ಬಾರಿ ಸಾಣೆ ಹಿಡಿದ ನಂತರ ಡೆಪ್ತ್ ಗೇಜಿನ ದಿಬ್ಬವನ್ನು ಅಳತೆಪಟ್ಟಿಯಿಂದ ಪರೀಕ್ಷಿಸಿ, ಹೆಚ್ಚಾಗಿ ಎದ್ದಿದ್ದರೆ ಚಪ್ಪಟೆ ಅರದಿಂದ ತಗ್ಗಿಸಿರಿ. ಕಣ್ಣಂದಾಜಿನಲ್ಲಿ ತಗ್ಗಿಸಕೂಡದು. ದಿಬ್ಬ ಬಹಳ ತಗ್ಗಾದರೆ ಅಲಗು ಅಗತ್ಯಕ್ಕಿಂತ ಆಳಕ್ಕೆ ಕಚ್ಚಿ ಗರಗಸ ಎಗರುತ್ತದೆ.

ಹಲ್ಲಿನ ಉದ್ದ 4 ಮಿ.ಮೀ.ಗೆ ಇಳಿದಾಗ ಅಥವಾ ಹಲ್ಲು ಬಿರುಕು ಬಿಟ್ಟಾಗ ಚೈನನ್ನು ಬದಲಾಯಿಸತಕ್ಕದ್ದು. ಎರಡು ಚೈನ್ ಸವೆದಾಗ ಸ್ಪ್ರಾಕೆಟ್ ಗಾಲಿಯನ್ನೂ ಬದಲಿಸಬೇಕು. ಹಳೆಯ ಗಾಲಿ ಹೊಸ ಚೈನನ್ನು ಬೇಗ ತಿನ್ನುತ್ತದೆ.

ಚೈನಿನ ಬಿಗಿ ಮತ್ತು ಬಾರ್

ಚೈನ್ ತಣ್ಣಗಿರುವಾಗ, ಚೈನ್ ಬ್ರೇಕ್ ಬಿಟ್ಟು, ಬಾರಿನ ಮೂತಿಯನ್ನು ಎತ್ತಿ ಹಿಡಿದು ಬಿಗಿ ಮಾಡಬೇಕು. ಚೈನ್ ಬಾರಿನ ಕೆಳಬದಿಗೆ ತಾಗಿಕೊಂಡಿರಬೇಕು. ಆದರೂ ಕೈಗವಸು ತೊಟ್ಟ ಕೈಯಿಂದ ಸಲೀಸಾಗಿ ಎಳೆಯಲು ಬರಬೇಕು. ಸಡಿಲವಾದ ಚೈನ್ ಕಳಚಿ ಹಾರುತ್ತದೆ. ಸಂಜೆ ಕೆಲಸ ಮುಗಿದೊಡನೆ ಚೈನನ್ನು ಸ್ವಲ್ಪ ಸಡಿಲಿಸಿಡಿರಿ. ಕಾದ ಚೈನ್ ಆರಿದಾಗ ಕುಗ್ಗುವುದರಿಂದ ಇಂಜಿನಿನ ದಂಡ ಮತ್ತು ಬೇರಿಂಗುಗಳ ಮೇಲೆ ಎಳೆತ ಬೀಳುತ್ತದೆ.

ಬಾರಿನ ಕೆಳಅಂಚು ಹೆಚ್ಚು ಸವೆಯುತ್ತದೆ. ಆದುದರಿಂದ ಪ್ರತಿ ಸಾಣೆಯ ಸಮಯದಲ್ಲಿ ಬಾರನ್ನು ಮಗುಚಿ ಹಾಕಿರಿ. ಕಾಲುವೆಯಲ್ಲಿ ಕಟ್ಟಿದ ಹುಡಿಯನ್ನೂ ಎಣ್ಣೆ ಬರುವ ರಂಧ್ರವನ್ನೂ ತೆಳು ತಗಡಿನಿಂದ ಕೆದಕಿ ಸ್ವಚ್ಛಗೊಳಿಸಿರಿ. ಅಂಚಿನಲ್ಲಿ ಏಳುವ ಮುಳ್ಳುಗಳನ್ನು ಚಪ್ಪಟೆ ಅರದಿಂದ ತೆಗೆಯಿರಿ.

ಇಂಧನ ಮತ್ತು ಎಣ್ಣೆ

ಈ ಇಂಜಿನ್ ಎರಡು ಸ್ಟ್ರೋಕಿನದು. ಇದಕ್ಕೆ ಬೇರೆ ಇಂಜಿನ್ ಆಯಿಲ್ ಇಲ್ಲ. ಪೆಟ್ರೋಲಿಗೆ ಬೆರೆಸಿದ 2ಟಿ ಎಣ್ಣೆಯೇ ಪಿಸ್ಟನ್ನಿಗೆ ಜೀವ. ಬರಿ ಪೆಟ್ರೋಲ್ ಹಾಕಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗರಗಸದ ಅರ್ಧ ಬೆಲೆ ಅಲ್ಲಿಗೇ ಹೋದಂತೆ. ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ., ಐದು ಲೀಟರಿಗೆ 100 ಮಿ.ಲೀ. ಎಣ್ಣೆ ಬೇಕು. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ. ಅಳತೆ ಲೋಟದಿಂದಲೇ ಅಳೆಯಬೇಕು. ಬೆರೆಸಿದ ಇಂಧನದ ಕ್ಯಾನಿಗೆ ಬೇರೆ ಬಣ್ಣ ಹಚ್ಚಿ, ಬೆರೆಸಿದ ದಿನಾಂಕವನ್ನು ಬರೆದಿಟ್ಟರೆ ಆಳುಗಳು ತಪ್ಪಿ ಬರಿ ಪೆಟ್ರೋಲ್ ಸುರಿಯುವ ಸಂಭವವಿಲ್ಲ.

ನಮ್ಮ ದೇಶದ ಪೆಟ್ರೋಲಿಗೆ 2025ರ ಹೊತ್ತಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸಲಾಗುತ್ತಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಯಂತ್ರಗಳ ರಬ್ಬರ್ ಕೊಳವೆ ಮತ್ತು ಕಾರ್ಬ್ಯುರೇಟರಿನ ತೆಳು ಪೊರೆಯನ್ನು ಗಡುಸಾಗಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆದುದರಿಂದ ಬೇಕಾದಷ್ಟೇ ಬೆರೆಸಿ, ಒಂದು ತಿಂಗಳೊಳಗೆ ಬಳಸಿ ಮುಗಿಸಿರಿ.

ಚೈನಿಗೆ ಚೈನ್ ಎಣ್ಣೆಯನ್ನೇ ಹಾಕಬೇಕು. ಟ್ರಾಕ್ಟರಿನಿಂದ ತೆಗೆದ ಕಪ್ಪು ಎಣ್ಣೆಯನ್ನು ಹಾಕುವ ರೂಢಿ ಹಲವೆಡೆ ಇದೆ. ಇದು ಸರಿಯಲ್ಲ. ಅದರಲ್ಲಿರುವ ಲೋಹದ ಕಣಗಳು ಎಣ್ಣೆ ಪಂಪನ್ನು ಸವೆಸುತ್ತವೆ. ಸುಟ್ಟ ಎಣ್ಣೆ ಮೈಗೆ ಪದೇ ಪದೇ ತಗಲಿದರೆ ಚರ್ಮದ ಕ್ಯಾನ್ಸರ್ ಬರುವ ಅಪಾಯವೂ ಇದೆ. ಎಣ್ಣೆ ಬರುತ್ತಿದೆಯೇ ಎಂದು ನೋಡಲು, ಓಡುವ ಗರಗಸದ ಮೂತಿಯನ್ನು ಒಣಗಿದ ಬಿಳಿ ಮರದ ಸಮೀಪ, ತಗಲದಂತೆ ಹಿಡಿಯಿರಿ. ಎಣ್ಣೆಯ ಗೆರೆ ಮೂಡಬೇಕು. ಒಂದು ಟ್ಯಾಂಕ್ ಇಂಧನ ಮುಗಿಯುವಷ್ಟರಲ್ಲಿ ಚೈನ್ ಎಣ್ಣೆಯೂ ಬಹುಪಾಲು ಖರ್ಚಾಗಬೇಕು. ಹಾಗೆಯೇ ಉಳಿದಿದ್ದರೆ ರಂಧ್ರ ಕಟ್ಟಿದೆ ಎಂದು ತಿಳಿಯಬೇಕು.

ಇಂಜಿನಿನ ಪಾಲನೆ

ಏರ್ ಫಿಲ್ಟರನ್ನು ಪ್ರತಿದಿನ ತೆಗೆದು ಕೊಡವಿರಿ. ಜಿಡ್ಡು ಹಿಡಿದಿದ್ದರೆ, ಕೈಪಿಡಿಯಲ್ಲಿ ತೊಳೆಯಬಹುದೆಂದು ಹೇಳಿದ್ದಲ್ಲಿ, ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿರಿ. ಸಿಲಿಂಡರಿನ ರೆಕ್ಕೆಗಳ ನಡುವೆ ಕಟ್ಟಿದ ಹುಡಿಯನ್ನು ಕಡ್ಡಿಯಿಂದ ತೆಗೆಯಿರಿ. ಅಲ್ಲಿ ಗಾಳಿಯಾಡದಿದ್ದರೆ ಇಂಜಿನ್ ಕಾದು ಕೆಡುತ್ತದೆ. ಸ್ಪಾರ್ಕ್ ಪ್ಲಗ್ಗಿನ ಅಂತರ ಸಾಮಾನ್ಯವಾಗಿ 0.5 ಮಿ.ಮೀ. ಇರಬೇಕು. ಪ್ಲಗ್ಗಿನ ತುದಿ ಕಂದು ಬಣ್ಣವಿದ್ದರೆ ಇಂಜಿನ್ ಸರಿಯಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ಫಿಲ್ಟರ್ ಕಟ್ಟಿದೆ. ಬೆಳ್ಳಗಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಿರಿ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

1. ಸ್ಟಾರ್ಟ್ ಆಗುವುದಿಲ್ಲ: ಹಳೆಯ ಇಂಧನವನ್ನು ಚೆಲ್ಲದೆ ಬೇರೆ ಪಾತ್ರೆಗೆ ತೆಗೆದು ಹೊಸದನ್ನು ತುಂಬಿರಿ. ಪ್ಲಗ್ ಒದ್ದೆಯಾಗಿದ್ದರೆ ಒರೆಸಿ ಒಣಗಿಸಿರಿ. ಟ್ಯಾಂಕಿನೊಳಗಿನ ಇಂಧನ ಫಿಲ್ಟರ್ ಕಟ್ಟಿದ್ದರೆ ಬದಲಿಸಿರಿ.

2. ಸುಮ್ಮನೆ ಓಡುವಾಗಲೂ ಚೈನ್ ತಿರುಗುತ್ತದೆ: ಐಡಲ್ ತಿರುಪನ್ನು ಸ್ವಲ್ಪ ಸಡಿಲಿಸಿರಿ. ಆಗಲೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ಕೆಟ್ಟಿರಬಹುದು. ರಿಪೇರಿಯಾಗುವ ತನಕ ಗರಗಸವನ್ನು ಬಳಸಕೂಡದು.

3. ಕೊಯ್ತ ಓರೆಯಾಗುತ್ತದೆ: ಎಡ ಬಲ ಹಲ್ಲುಗಳ ಉದ್ದವನ್ನೂ ಬಾರಿನ ಅಂಚುಗಳನ್ನೂ ಪರೀಕ್ಷಿಸಿರಿ.

4. ಚೈನ್ ನೀಲಿಯಾಗಿ ಕಾಯುತ್ತದೆ: ಎಣ್ಣೆ ಬರುತ್ತಿಲ್ಲ ಅಥವಾ ಚೈನ್ ಅತಿ ಬಿಗಿಯಾಗಿದೆ.

ಪ್ರಾಣರಕ್ಷಣೆಯ ಭಾಗಗಳು

ಬಾರಿನ ಮೂತಿಯ ಮೇಲರ್ಧ ಕೊಂಬೆಗೋ ದಿಮ್ಮಿಗೋ ತಗಲಿದರೆ ಗರಗಸ ಕಣ್ಣುಮುಚ್ಚಿ ತೆರೆಯುವುದರೊಳಗೆ ಮೇಲಕ್ಕೆ, ಹಿಂದಕ್ಕೆ, ಹಿಡಿದವನ ಮುಖದ ಕಡೆಗೆ ಒದೆಯುತ್ತದೆ. ಆಗ ಕಾಪಾಡುವುದು ಮುಂದಿನ ಹಿಡಿಯ ಎದುರಿಗಿರುವ ಚೈನ್ ಬ್ರೇಕ್. ಪ್ರತಿದಿನ ಬೆಳಗ್ಗೆ ಚೈನನ್ನು ಓಡಿಸಿ, ಬ್ರೇಕನ್ನು ಮುಂದಕ್ಕೆ ತಳ್ಳಿ ನೋಡಿರಿ. ಚೈನ್ ಆ ಕ್ಷಣವೇ ನಿಲ್ಲಬೇಕು. ನಿಲ್ಲದ ಗರಗಸವನ್ನು ತೋಟಕ್ಕೆ ಒಯ್ಯಕೂಡದು. ಅಡ್ಡಿಯಾಗುತ್ತದೆಂದು ಈ ಬ್ರೇಕನ್ನು ಕಳಚಿಡುವುದು ಜೀವಕ್ಕೇ ಎರವಾಗಬಹುದು.

ಲುಂಗಿ, ಹವಾಯಿ ಚಪ್ಪಲಿಯಲ್ಲಿ ಗರಗಸ ಹಿಡಿಯುವುದು ಬೇಡ. ಗಟ್ಟಿ ಬೂಟು, ಕಾಲುಕವಚ, ಕನ್ನಡಕ, ಹೆಲ್ಮೆಟ್ ಮತ್ತು ಕಿವಿಮುಚ್ಚುಗ ಇರಲಿ. ಭುಜಕ್ಕಿಂತ ಎತ್ತರದಲ್ಲಿ ಗರಗಸ ಆಡಿಸಬಾರದು. ಇಂಧನವನ್ನು ಇಂಜಿನ್ ಆರಿದ ಮೇಲೆ ತುಂಬಿ, ಆ ಸ್ಥಳದಿಂದ ಮೂರು ಮೀಟರ್ ದೂರ ಬಂದು ಸ್ಟಾರ್ಟ್ ಮಾಡಿರಿ.

ಇತರ ಸಲಕರಣೆಗಳು

ಕೊಡಲಿಯ ಕಾವು ಸಡಿಲವಿದ್ದರೆ ಬೆಣೆ ಹೊಡೆದು ಭದ್ರಪಡಿಸಿರಿ. ನೀರಿನಲ್ಲಿ ನೆನೆಸಿದರೆ ಆ ದಿನಕ್ಕೆ ಬಿಗಿಯಾಗಿ ಮರುದಿನ ಮತ್ತೆ ಸಡಿಲವಾಗುತ್ತದೆ. ಕೊಯ್ತದಲ್ಲಿ ಹೊಡೆಯುವ ಬೆಣೆ ಮರದ್ದು ಅಥವಾ ಪ್ಲಾಸ್ಟಿಕ್ಕಿನದಾಗಿರಲಿ. ಕಬ್ಬಿಣದ ಬೆಣೆ ಚೈನಿಗೆ ತಗಲಿದರೆ ಹಲ್ಲು ಸಿಡಿಯುತ್ತದೆ. ಹಗ್ಗವನ್ನು ಪ್ರತಿ ಬಾರಿಯೂ ಕೈಯಲ್ಲಿ ಉದ್ದಕ್ಕೂ ಎಳೆದು ನೋಡಿ, ಎಳೆ ಹರಿದ ಹಗ್ಗವನ್ನು ಮರ ಹತ್ತಲು ಬಳಸಬೇಡಿರಿ. ಅಲ್ಯೂಮಿನಿಯಂ ಏಣಿಯನ್ನು ವಿದ್ಯುತ್ ತಂತಿಯ ಬಳಿ ಒಯ್ಯಲೇಬಾರದು.

ಮಳೆಗಾಲಕ್ಕೆ ಎತ್ತಿಡುವಾಗ

ಟ್ಯಾಂಕನ್ನು ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿರಿ. ಆರಿದ ಮೇಲೆ ಪ್ಲಗ್ ಬಿಚ್ಚಿ ಕೆಲವು ಹನಿ 2ಟಿ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ನಿಧಾನವಾಗಿ ಎಳೆದು, ಪ್ಲಗ್ ಹಾಕಿರಿ. ಬಾರ್ ಮತ್ತು ಚೈನನ್ನು ಕಳಚಿ ಎಣ್ಣೆ ಸವರಿ ಸುತ್ತಿಡಿರಿ. ಗೊಬ್ಬರದ ಚೀಲಗಳ ಪಕ್ಕದಲ್ಲಿ ಇಟ್ಟರೆ ತುಕ್ಕು ಹಿಡಿಯುತ್ತದೆ. ಒಣಗಿದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿರಿ.

ಒಂದು ದುಂಡು ಅರ, ಒಂದು ಚಪ್ಪಟೆ ಅರ, ಪ್ಲಗ್ ಸ್ಪ್ಯಾನರ್, ಹಳೆಯ ಬ್ರಷ್ಷು, ಅಳತೆ ಲೋಟ ಇಷ್ಟಿದ್ದರೆ ಮೇಲಿನ ಬಹುಪಾಲು ಕೆಲಸಗಳನ್ನು ರೈತರು ತಮ್ಮ ಜಗಲಿಯಲ್ಲೇ ಮಾಡಿಕೊಳ್ಳಬಹುದು. ವಿಸ್ತರಣಾ ಕಾರ್ಯಕರ್ತರು ತಮ್ಮ ಗ್ರಾಮಗಳಲ್ಲಿ ಮರಗಸಿಯ ಕಾಲಕ್ಕೆ ಮೊದಲು ಗರಗಸ ಇರುವವರನ್ನು ಒಂದೆಡೆ ಸೇರಿಸಿ, ಸಾಣೆ ಹಿಡಿಯುವ ಮತ್ತು ಬ್ರೇಕ್ ಪರೀಕ್ಷಿಸುವ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ ಯಂತ್ರವೂ ಉಳಿಯುತ್ತದೆ, ಅದನ್ನು ಹಿಡಿದ ಕೈಯೂ ಉಳಿಯುತ್ತದೆ.