ನ್ಯೂ ಇಂಗ್ಲೆಂಡಿನ ಚಿಕ್ಕ ಕಾಲೇಜುಗಳ ಕ್ರೀಡಾ ಒಕ್ಕೂಟ: ಒಂದು ಅಧ್ಯಯನ

ವಿದ್ಯಾಸಂಸ್ಥೆಗಳಲ್ಲಿ ಆಟೋಟಗಳಿಗೆ ಎಷ್ಟು ಸ್ಥಾನ ಸಲ್ಲಬೇಕು ಎಂಬ ಪ್ರಶ್ನೆ ಬಹು ಹಳೆಯದು. ಆಟವೇ ಬೇಡವೆನ್ನುವ ಶಿಕ್ಷಣವೇತ್ತರನ್ನು ಇಂದು ಕಾಣುವುದು ದುರ್ಲಭ. ಮೈ ಬಲಿಯದೆ ಮನಸ್ಸು ಬಲಿಯದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಆಟವು ಪಂದ್ಯವಾಗಿ, ಪಂದ್ಯವು ಪ್ರತಿಷ್ಠೆಯಾಗಿ, ಪ್ರತಿಷ್ಠೆಯು ಹಣದ ವ್ಯವಹಾರವಾಗಿ ಬೆಳೆದಾಗ ಅದನ್ನು ತಡೆಯುವವರು ಯಾರು? ಗೆಲ್ಲಬೇಕೆಂಬ ಹಂಬಲವನ್ನು ಉಳಿಸಿಕೊಂಡೇ ಅದಕ್ಕೊಂದು ಎಲ್ಲೆಯನ್ನು ಹಾಕಲು ಸಾಧ್ಯವೇ? ಈ ಪ್ರಶ್ನೆಗೆ ಅಮೆರಿಕದ ಈಶಾನ್ಯ ಭಾಗದ ಕೆಲವು ಚಿಕ್ಕ ಕಾಲೇಜುಗಳು ಒಟ್ಟುಗೂಡಿ ಕೊಟ್ಟ ಉತ್ತರವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಆ ಉತ್ತರದಲ್ಲಿ ಗುಣವೂ ಉಂಟು, ಕೊರತೆಯೂ ಉಂಟು. ಎರಡೂ ಶಿಕ್ಷಕರಿಗೆ ಮನನೀಯವಾಗಿವೆ.

ಹಿನ್ನೆಲೆ

ಅಮೆರಿಕದಲ್ಲಿ ಕಾಲೇಜು ಕಾಲೇಜುಗಳ ನಡುವಣ ಸ್ಪರ್ಧೆಯ ಇತಿಹಾಸ 1852ರಿಂದ ಆರಂಭವಾಗುತ್ತದೆ. ಆ ವರ್ಷ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಒಂದು ಸರೋವರದಲ್ಲಿ ದೋಣಿ ಸ್ಪರ್ಧೆ ನಡೆಸಿದರು. ಅದರ ವೆಚ್ಚವನ್ನು ವಹಿಸಿದುದು ಪ್ರಯಾಣಿಕರನ್ನು ಆಕರ್ಷಿಸಬಯಸಿದ ಒಂದು ರೈಲ್ವೆ ಕಂಪನಿ. ಹೀಗೆ ಮೊದಲ ದಿನದಿಂದಲೇ ಆಟದ ಬೆನ್ನಿಗೆ ವ್ಯಾಪಾರವೂ ನಡೆದುಬಂದಿತೆಂಬುದು ಗಮನಾರ್ಹ.

ಏಳು ವರ್ಷಗಳ ತರುವಾಯ, 1859ರ ಜುಲೈ 1ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ಪಿಟ್ಸ್‌ಫೀಲ್ಡ್ ಎಂಬ ಊರಿನಲ್ಲಿ ಆಮ್‌ಹರ್ಸ್ಟ್ ಮತ್ತು ವಿಲಿಯಮ್ಸ್ ಕಾಲೇಜುಗಳು ಬೇಸ್‌ಬಾಲ್ ಆಡಿದವು. ಕಾಲೇಜುಗಳ ನಡುವೆ ನಡೆದ ಮೊದಲ ಬೇಸ್‌ಬಾಲ್ ಪಂದ್ಯ ಇದೇ. ಆಮ್‌ಹರ್ಸ್ಟ್ 73–32ರಿಂದ ಗೆದ್ದಿತು. ಮರುದಿನ ಅದೇ ಎರಡು ಕಾಲೇಜುಗಳು ಚದುರಂಗದ ಪಂದ್ಯವನ್ನೂ ಆಡಿದವು. ಅದರಲ್ಲೂ ಆಮ್‌ಹರ್ಸ್ಟ್‌ಗೇ ಜಯ ಲಭಿಸಿತು. ತೋಳಿನ ಬಲ, ಬುದ್ಧಿಯ ಬಲ ಎರಡನ್ನೂ ಒಂದೇ ಭೇಟಿಯಲ್ಲಿ ಪರೀಕ್ಷಿಸಿಕೊಂಡ ಆ ವಿದ್ಯಾರ್ಥಿಗಳ ದೃಷ್ಟಿ ಸಮಗ್ರವಾದುದೆಂದೇ ಹೇಳಬೇಕು. ಈ ಎರಡು ಕಾಲೇಜುಗಳ ಸ್ಪರ್ಧೆಗೆ ಇನ್ನೊಂದು ಮೂಲವೂ ಇದೆ. 1821ರಲ್ಲಿ ವಿಲಿಯಮ್ಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಜೆಫನೈಯಾ ಸ್ವಿಫ್ಟ್ ಮೂರ್ ಅವರು ಕೆಲವು ವಿದ್ಯಾರ್ಥಿಗಳೊಡನೆ ಹೊರಟುಹೋಗಿ ಆಮ್‌ಹರ್ಸ್ಟ್ ಕಾಲೇಜಿನ ಮೊದಲ ಅಧ್ಯಕ್ಷರಾದರು. ದಾಯಾದಿಗಳ ಪೈಪೋಟಿಯಂತೆ ಇದು ಇಂದಿಗೂ ಆರಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಚಿತ್ರ ಬದಲಾಯಿತು. ಅಮೆರಿಕನ್ ಫುಟ್‌ಬಾಲ್ ಎಂಬ ಆಟ—ಇದು ನಾವು ಬಲ್ಲ ಕಾಲ್ಚೆಂಡಿನಾಟವಲ್ಲ, ಮೈಗೆ ಮೈ ತಾಗಿಸಿ ಆಡುವ ಒರಟಾಟ—ಸಾವಿರಾರು ಪ್ರೇಕ್ಷಕರನ್ನು ಸೆಳೆಯತೊಡಗಿತು. ಮೈದಾನದಲ್ಲಿ ಸಾವುಗಳು ಸಂಭವಿಸಿದುದರಿಂದ 1905ರಲ್ಲಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಪ್ರಮುಖ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಕರೆಸಿ ಮಾತನಾಡಬೇಕಾಯಿತು. ಮರುವರ್ಷ ಸ್ಥಾಪಿತವಾದ ಸಂಘವೇ ಮುಂದೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವೆಂದು ಹೆಸರಾಯಿತು. ಆದರೂ ರೋಗ ನಿಲ್ಲಲಿಲ್ಲ. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನವು ಪ್ರಕಟಿಸಿದ ವರದಿಯು ಆಟಗಾರರಿಗೆ ಗುಟ್ಟಾಗಿ ಹಣ ಸಲ್ಲುತ್ತಿದ್ದುದನ್ನೂ ಕಾಲೇಜು ಕ್ರೀಡೆಯು ವ್ಯಾಪಾರವಾಗಿದ್ದುದನ್ನೂ ಬಯಲಿಗೆಳೆಯಿತು.

ಒಕ್ಕೂಟದ ಉದಯ

ಈ ಪ್ರವಾಹಕ್ಕೆ ಎದುರಾಗಿ 1955ರಲ್ಲಿ ಆಮ್‌ಹರ್ಸ್ಟ್, ಬೋಡಿನ್, ವೆಸ್ಲಿಯನ್, ವಿಲಿಯಮ್ಸ್ ಎಂಬ ನಾಲ್ಕು ಕಾಲೇಜುಗಳು ಒಂದು ಒಡಂಬಡಿಕೆಗೆ ಬಂದವು. ಅದನ್ನೇ ಅಡಿಗಲ್ಲಾಗಿರಿಸಿಕೊಂಡು 1971ರಲ್ಲಿ ಹನ್ನೊಂದು ಕಾಲೇಜುಗಳ ‘ನ್ಯೂ ಇಂಗ್ಲೆಂಡ್ ಚಿಕ್ಕ ಕಾಲೇಜುಗಳ ಕ್ರೀಡಾ ಒಕ್ಕೂಟ’ ಅಸ್ತಿತ್ವಕ್ಕೆ ಬಂದಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜನ ಅದನ್ನು ‘ನೆಸ್ಕ್ಯಾಕ್’ ಎಂದು ಕರೆಯುತ್ತಾರೆ.

ಸದಸ್ಯ ಸಂಸ್ಥೆಗಳ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಳ್ಳಬಹುದು. ಮೇನ್ ಪ್ರಾಂತದಲ್ಲಿ ಬೋಡಿನ್ (1794), ಕೋಲ್ಬಿ (1813), ಬೇಟ್ಸ್ (1855) ಎಂಬ ಮೂರು ಕಾಲೇಜುಗಳಿವೆ. ವರ್ಮಾಂಟ್ ಪ್ರಾಂತದಲ್ಲಿ ಮಿಡಲ್‌ಬರಿ (1800) ಇದೆ. ಮ್ಯಾಸಚೂಸೆಟ್ಸ್‌ನಲ್ಲಿ ವಿಲಿಯಮ್ಸ್ (1793), ಆಮ್‌ಹರ್ಸ್ಟ್ (1821), ಟಫ್ಟ್ಸ್ (1852) ಇವೆ. ಕನೆಕ್ಟಿಕಟ್‌ನಲ್ಲಿ ಟ್ರಿನಿಟಿ (1823), ವೆಸ್ಲಿಯನ್ (1831) ಮತ್ತು ಕನೆಕ್ಟಿಕಟ್ ಕಾಲೇಜು (1911) ಇವೆ. ಹ್ಯಾಮಿಲ್ಟನ್ (1812) ಮಾತ್ರ ನ್ಯೂ ಇಂಗ್ಲೆಂಡಿನ ಗಡಿಯಾಚೆ, ನ್ಯೂಯಾರ್ಕ್ ಪ್ರಾಂತದಲ್ಲಿದೆ. ಟಫ್ಟ್ಸ್ ದೊಡ್ಡ ವಿಶ್ವವಿದ್ಯಾಲಯ. ಉಳಿದವುಗಳಲ್ಲಿ ಬಹುಪಾಲು ಎರಡು ಸಾವಿರದ ಆಸುಪಾಸಿನ ವಿದ್ಯಾರ್ಥಿಗಳಿರುವ, ವಿದ್ಯಾರ್ಥಿನಿಲಯಗಳ ಸುತ್ತ ಬೆಳೆದ ಸಂಸ್ಥೆಗಳು.

ಸ್ಥಾಪಕ ಸದಸ್ಯರಲ್ಲಿ ಯೂನಿಯನ್ ಕಾಲೇಜೂ ಇದ್ದಿತು. ಐಸ್ ಹಾಕಿ ಆಟಗಾರರನ್ನು ಕರೆತರುವ ಕ್ರಮದ ಬಗೆಗೆ ಎದ್ದ ವಿವಾದದ ಹಿನ್ನೆಲೆಯಲ್ಲಿ ಅದು 1977ರಲ್ಲಿ ಒಕ್ಕೂಟವನ್ನು ತೊರೆಯಿತು. 1982ರಲ್ಲಿ ಕನೆಕ್ಟಿಕಟ್ ಕಾಲೇಜು ಸೇರಿದ ಮೇಲೆ ಸಂಖ್ಯೆ ಮತ್ತೆ ಹನ್ನೊಂದಾಯಿತು. ಹೊರಬಿದ್ದ ಯೂನಿಯನ್ ಮುಂದೆ ಅತ್ಯುನ್ನತ ವಿಭಾಗದಲ್ಲಿ ಐಸ್ ಹಾಕಿ ಆಡಿ, ಆಟಕ್ಕಾಗಿ ವಿದ್ಯಾರ್ಥಿವೇತನ ನೀಡದೆಯೇ 2014ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತೆಂಬುದನ್ನು ನ್ಯಾಯದೃಷ್ಟಿಯಿಂದ ಇಲ್ಲಿ ಹೇಳಲೇಬೇಕು. ದಾರಿ ಒಂದೇ ಅಲ್ಲ.

ನಿಯಮಗಳ ಸ್ವರೂಪ

ಒಕ್ಕೂಟದ ನಿಯಮಗಳ ಹಿಂದಿರುವ ತತ್ತ್ವ ಸರಳವಾದುದು: ಕ್ರೀಡೆಯು ಸಂಸ್ಥೆಯ ಶೈಕ್ಷಣಿಕ ಧ್ಯೇಯಕ್ಕೆ ಹೊಂದಿಕೊಂಡಿರಬೇಕು. ಈ ತತ್ತ್ವವನ್ನು ಬಾಯಿಮಾತಿನಲ್ಲಿ ಎಲ್ಲರೂ ಹೇಳುತ್ತಾರೆ. ಇದನ್ನು ನಡೆಸಿಕೊಡುವ ಏರ್ಪಾಡಿನಲ್ಲಿ ಮಾತ್ರ ನೆಸ್ಕ್ಯಾಕ್‌ನ ವೈಶಿಷ್ಟ್ಯವಿದೆ.

ಮೊದಲನೆಯದಾಗಿ, ಅಧಿಕಾರವು ಕಾಲೇಜುಗಳ ಅಧ್ಯಕ್ಷರ ಕೈಯಲ್ಲಿದೆ. ತರಬೇತುದಾರರಾಗಲಿ, ಕ್ರೀಡಾ ನಿರ್ದೇಶಕರಾಗಲಿ, ಉತ್ಸಾಹಿ ಹಳೆಯ ವಿದ್ಯಾರ್ಥಿಗಳಾಗಲಿ ಕೊನೆಯ ಮಾತನ್ನು ಆಡುವುದಿಲ್ಲ.

ಎರಡನೆಯದಾಗಿ, ಆಟದ ಕೌಶಲಕ್ಕಾಗಿ ವಿದ್ಯಾರ್ಥಿವೇತನವಿಲ್ಲ. ಕುಟುಂಬದ ಆರ್ಥಿಕ ಅಗತ್ಯವನ್ನು ನೋಡಿ ನೆರವು ಕೊಡುತ್ತಾರೆ. 1973ರಲ್ಲಿ ರಾಷ್ಟ್ರೀಯ ಸಂಘವು ತನ್ನ ಸದಸ್ಯರನ್ನು ಮೂರು ವಿಭಾಗಗಳಾಗಿ ವಿಂಗಡಿಸಿದಾಗ, ಕ್ರೀಡಾ ವಿದ್ಯಾರ್ಥಿವೇತನವಿಲ್ಲದ ಮೂರನೆಯ ವಿಭಾಗದಲ್ಲಿ ಇವು ನೆಲೆಗೊಂಡವು. ನಾನೂರಕ್ಕೂ ಹೆಚ್ಚು ಕಾಲೇಜುಗಳಿರುವ ಈ ವಿಭಾಗವೇ ಮೂರರಲ್ಲಿ ದೊಡ್ಡದು. ಮೊದಲನೆಯ ವಿಭಾಗದಲ್ಲಿಯಾದರೋ 2025ರ ಜುಲೈಯಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣವನ್ನೇ ಕೊಡಬಹುದಾಗಿದೆ. ಒಂದೇ ಸಂಘದ ಎರಡು ತುದಿಗಳ ಅಂತರ ಇದರಿಂದ ವಿದಿತವಾಗುತ್ತದೆ.

ಮೂರನೆಯದಾಗಿ, ಕಾಲದ ಮಿತಿ. ಅಭ್ಯಾಸದ ಆರಂಭ, ಪಂದ್ಯಗಳ ಸಂಖ್ಯೆ ಎರಡಕ್ಕೂ ಕಟ್ಟುಪಾಡುಗಳಿವೆ. ಫುಟ್‌ಬಾಲಿನಲ್ಲಿ ದೀರ್ಘಕಾಲ ವರ್ಷಕ್ಕೆ ಎಂಟೇ ಪಂದ್ಯಗಳು ನಡೆಯುತ್ತಿದ್ದವು. 2017ರಲ್ಲಿ ಮಾತ್ರ ಅವು ಒಂಬತ್ತಾದವು. ತಂಡವಾಗಿ ಆಡುವ ಆಟಗಳಲ್ಲಿ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಹೋಗುವುದನ್ನೂ ಒಕ್ಕೂಟ ನಿರ್ಬಂಧಿಸಿತ್ತು. ಪರೀಕ್ಷೆಗಳು ಸಮೀಪಿಸುವ ವೇಳೆಗೆ ವಿದ್ಯಾರ್ಥಿಗಳು ದೂರದ ಊರುಗಳಲ್ಲಿ ಅಲೆಯಬಾರದೆಂಬುದು ಇದರ ಹಿಂದಿನ ಕಾಳಜಿ. 1993ರಲ್ಲಿ ಪ್ರಯೋಗಾರ್ಥವಾಗಿ ಈ ಬಾಗಿಲನ್ನು ತೆರೆಯಲಾಯಿತು. ಫುಟ್‌ಬಾಲ್ ತಂಡಗಳನ್ನು ಮಾತ್ರ ಆಗಲೂ ಹೊರಗಿಟ್ಟರು.

ಬಾಗಿಲು ತೆರೆದ ಮೇಲೆ ಗೆಲುವುಗಳು ಬಂದವು. ಪುರುಷರ ಬ್ಯಾಸ್ಕೆಟ್‌ಬಾಲಿನಲ್ಲಿ ವಿಲಿಯಮ್ಸ್ 2003ರಲ್ಲಿಯೂ ಆಮ್‌ಹರ್ಸ್ಟ್ 2007 ಮತ್ತು 2013ರಲ್ಲಿಯೂ ಮೂರನೆಯ ವಿಭಾಗದ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆದವು. 2021ರಲ್ಲಿ ಪುರುಷರ ಕಾಲ್ಚೆಂಡಿನ ಅಂತಿಮ ಪಂದ್ಯದಲ್ಲಿ ಒಕ್ಕೂಟದ ಎರಡು ತಂಡಗಳೇ ಎದುರಾದವು. ಕನೆಕ್ಟಿಕಟ್ ಕಾಲೇಜು ಆಮ್‌ಹರ್ಸ್ಟನ್ನು ಸೋಲಿಸಿತು. ಮಿತಿಯನ್ನು ಹಾಕಿಕೊಂಡವರು ದುರ್ಬಲರಾಗುತ್ತಾರೆಂಬ ಭಯಕ್ಕೆ ಇದಕ್ಕಿಂತ ಬೇರೆ ಸಮಾಧಾನ ಬೇಕಿಲ್ಲ.

ವಿದ್ಯಾರ್ಥಿನಿಯರ ಪ್ರವೇಶ

ಒಕ್ಕೂಟ ಹುಟ್ಟಿದ ಕಾಲವು ಈ ಕಾಲೇಜುಗಳಲ್ಲಿ ಇನ್ನೊಂದು ಮಹತ್ತರ ಪರಿವರ್ತನೆಯ ಕಾಲವೂ ಹೌದು. ಬೇಟ್ಸ್ ಕಾಲೇಜು ಆರಂಭದಿಂದಲೂ ಸ್ತ್ರೀಯರನ್ನು ಸೇರಿಸಿಕೊಂಡಿತ್ತು. ಆದರೆ ಟ್ರಿನಿಟಿ 1969ರಲ್ಲಿ, ಬೋಡಿನ್ 1971ರಲ್ಲಿ, ಆಮ್‌ಹರ್ಸ್ಟ್ 1975ರಲ್ಲಿ ವಿದ್ಯಾರ್ಥಿನಿಯರಿಗೆ ಬಾಗಿಲು ತೆರೆದವು. ಕನೆಕ್ಟಿಕಟ್ ಕಾಲೇಜಿನ ಕಥೆ ಇದಕ್ಕೆ ವಿಪರ್ಯಾಸ: ಅದು ಸ್ತ್ರೀಯರಿಗಾಗಿಯೇ ಸ್ಥಾಪಿತವಾಗಿ 1969ರಲ್ಲಿ ಪುರುಷರನ್ನು ಸೇರಿಸಿಕೊಂಡಿತು. ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದ ಸಲ್ಲದೆಂದು 1972ರಲ್ಲಿ ಬಂದ ಕಾನೂನು ಮೈದಾನಕ್ಕೂ ಅನ್ವಯಿಸಿತು.

ಇದರ ಫಲ ಬೇಗನೆ ಕಾಣಿಸಿತು. ಮೇನ್ ಪ್ರಾಂತದ ಜೋನ್ ಬೆನಾಯ್ಟ್ ಎಂಬ ತರುಣಿ ಬೋಡಿನ್ ಕಾಲೇಜಿನಲ್ಲಿ ಓದುತ್ತಿರುವಾಗಲೇ 1979ರ ಬಾಸ್ಟನ್ ಮ್ಯಾರಥಾನಿನಲ್ಲಿ ಸ್ತ್ರೀಯರ ವಿಭಾಗವನ್ನು ಗೆದ್ದಳು. ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರಿಗೆ ಮ್ಯಾರಥಾನ್ ಓಟವನ್ನು ಮೊತ್ತಮೊದಲ ಬಾರಿಗೆ ಏರ್ಪಡಿಸಿದುದು 1984ರ ಲಾಸ್ ಏಂಜಲಿಸ್‌ನಲ್ಲಿ. ಅಲ್ಲಿ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕ ಪಡೆದವಳೂ ಅವಳೇ. ಹದಿಮೂರು ವರ್ಷಗಳ ಹಿಂದಿನವರೆಗೂ ಸ್ತ್ರೀಯರನ್ನು ಸೇರಿಸಿಕೊಳ್ಳದಿದ್ದ ಕಾಲೇಜಿನ ಪದವೀಧರೆಗೆ ಒಲಿದ ಪದಕವದು. ಬಾಗಿಲು ಮುಚ್ಚಿದ್ದಷ್ಟು ಕಾಲವೂ ಒಳಗೆ ಬಾರದೆ ಹೋದ ಪ್ರತಿಭೆ ಎಷ್ಟಿತ್ತೋ ಎಂದು ಯೋಚಿಸುವಂತಾಗುತ್ತದೆ.

ಭಾರತೀಯರ ಸಂಬಂಧವೂ ಇಲ್ಲಿ ಇಲ್ಲದಿಲ್ಲ. ಟ್ರಿನಿಟಿ ಕಾಲೇಜಿನ ಪುರುಷರ ಸ್ಕ್ವಾಷ್ ತಂಡವು 1998ರಿಂದ 2012ರ ಜನವರಿಯವರೆಗೆ ಒಂದರ ಹಿಂದೊಂದರಂತೆ 252 ಪಂದ್ಯಗಳನ್ನು ಗೆದ್ದಿತು. ಕೊನೆಗೆ ಯೇಲ್ ತಂಡವು 5–4ರ ಕೂದಲೆಳೆಯ ಅಂತರದಲ್ಲಿ ಈ ಓಟವನ್ನು ನಿಲ್ಲಿಸಿತು. ಪಾಲ್ ಆಸಯಾಂಟೆ ಅವರು ತರಬೇತುಗೊಳಿಸಿದ ಆ ತಂಡದಲ್ಲಿ ಬೇರೆ ಬೇರೆ ದೇಶಗಳ ತರುಣರೊಡನೆ ಭಾರತದಿಂದ ಹೋದ ವಿದ್ಯಾರ್ಥಿಗಳೂ ಆಡಿದರು.

ಕೊರತೆಗಳು

ಇಷ್ಟನ್ನು ಹೇಳಿ ನಿಲ್ಲಿಸಿದರೆ ಲೇಖನವು ಬರಿಯ ಹೊಗಳಿಕೆಯಾಗುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ಬೊವೆನ್ ಅವರು 2001ರಲ್ಲಿ ಜೇಮ್ಸ್ ಶುಲ್ಮನ್ ಅವರೊಡನೆಯೂ 2003ರಲ್ಲಿ ಸಾರಾ ಲೆವಿನ್ ಅವರೊಡನೆಯೂ ಎರಡು ಗ್ರಂಥಗಳನ್ನು ಪ್ರಕಟಿಸಿ, ಬಿಗಿಯಾದ ಆಯ್ಕೆಯಿರುವ ಕಾಲೇಜುಗಳ ಕ್ರೀಡಾನೀತಿಯನ್ನು ಅಂಕಿ ಅಂಶಗಳಿಂದ ಪರೀಕ್ಷಿಸಿದರು. ನೆಸ್ಕ್ಯಾಕ್ ಕಾಲೇಜುಗಳೂ ಆ ಪರೀಕ್ಷೆಗೆ ಒಳಗಾದವು.

ಅವರು ತೋರಿಸಿದ ಸಂಗತಿ ಹೀಗಿದೆ. ವಿದ್ಯಾರ್ಥಿವೇತನ ಇಲ್ಲದಿದ್ದರೂ ಪ್ರವೇಶದ ಸ್ಥಾನವೇ ಒಂದು ಬೆಲೆಬಾಳುವ ಕೊಡುಗೆ. ತರಬೇತುದಾರರು ಆರಿಸಿ ಸೂಚಿಸಿದ ಆಟಗಾರರಿಗೆ ಪ್ರವೇಶದಲ್ಲಿ ಗಣನೀಯವಾದ ಅನುಕೂಲ ದೊರೆಯುತ್ತಿತ್ತು. ಹೀಗೆ ಬಂದವರು, ಪ್ರವೇಶದ ವೇಳೆಯ ಅವರ ಅಂಕಗಳಿಂದ ನಿರೀಕ್ಷಿಸಬಹುದಾದಷ್ಟು ಮಟ್ಟವನ್ನೂ ಓದಿನಲ್ಲಿ ಮುಟ್ಟುತ್ತಿರಲಿಲ್ಲ. ಆದರೆ ಯಾರ ಸೂಚನೆಯೂ ಇಲ್ಲದೆ ಬಂದು, ತಾವಾಗಿಯೇ ತಂಡ ಸೇರಿದವರಲ್ಲಿ ಈ ಕುಂದು ಕಾಣಿಸಲಿಲ್ಲ. ಎಂದಮೇಲೆ ಆಟವಾಡುವುದರಿಂದ ಓದು ಕೆಡುತ್ತದೆಂಬ ಸಾಮಾನ್ಯ ಆರೋಪಕ್ಕೆ ಇಲ್ಲಿ ಆಧಾರವಿಲ್ಲ. ಆಟಕ್ಕೆಂದೇ ಆರಿಸಿ ತಂದಲ್ಲಿ, ಅವರದೇ ಒಂದು ಪ್ರತ್ಯೇಕ ಗುಂಪು ಬೆಳೆದಲ್ಲಿ ತೊಡಕು ಹುಟ್ಟುತ್ತದೆ.

ಚಿಕ್ಕ ಕಾಲೇಜಿನಲ್ಲಿ ಈ ತೊಡಕು ಚಿಕ್ಕದಾಗುವ ಬದಲು ದೊಡ್ಡದಾಗುತ್ತದೆ. ಇದರ ಲೆಕ್ಕ ಸ್ಪಷ್ಟವಾಗಿದೆ. ಮೂವತ್ತು ಸಾವಿರ ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯದಲ್ಲಿ ಆರುನೂರು ಆಟಗಾರರೆಂದರೆ ಐವತ್ತಕ್ಕೆ ಒಬ್ಬರು. ಎರಡು ಸಾವಿರ ವಿದ್ಯಾರ್ಥಿಗಳಿರುವ ಕಾಲೇಜು ಅಷ್ಟೇ ತಂಡಗಳನ್ನು ಕಟ್ಟಬೇಕಾದರೆ ಹತ್ತಕ್ಕೆ ಮೂವರು ಆಟಗಾರರಾಗಬೇಕು. ಈ ಒಕ್ಕೂಟದ ಕೆಲವು ಕಾಲೇಜುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ವಿದ್ಯಾರ್ಥಿಗಳು ಕಾಲೇಜು ತಂಡಗಳಲ್ಲಿ ಆಡುವವರೇ. ಆದುದರಿಂದ ತಂಡಕ್ಕೆ ಯಾರನ್ನು ಆರಿಸುತ್ತೇವೆಂಬ ಪ್ರಶ್ನೆಯು ಕಾಲೇಜಿಗೆ ಯಾರನ್ನು ಆರಿಸುತ್ತೇವೆಂಬ ಪ್ರಶ್ನೆಯೇ ಆಗಿಬಿಡುತ್ತದೆ. ಗಾಲಿಕುರ್ಚಿಯಷ್ಟು ಅಗಲದ ಬಾಗಿಲಿನಲ್ಲಿ ಒಬ್ಬರು ಒಳಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಹಾಗೆ ಹೊರಗೆ ನಿಂತವರ ಹೆಸರು ಯಾವ ಫಲಕದಲ್ಲಿಯೂ ಇರುವುದಿಲ್ಲ.

ದುಬಾರಿ ಸಲಕರಣೆ, ಖಾಸಗಿ ತರಬೇತಿ ಬೇಡುವ ಆಟಗಳಲ್ಲಿ ಅನುಕೂಲಸ್ಥರ ಮಕ್ಕಳೇ ಮುಂದೆ ಬರುವುದರಿಂದ ಈ ಪ್ರಶ್ನೆ ಸಾಮಾಜಿಕ ನ್ಯಾಯಕ್ಕೂ ಸಂಬಂಧಿಸಿದೆ. ಆಮ್‌ಹರ್ಸ್ಟ್ ಕಾಲೇಜು ತನ್ನ ಕ್ರೀಡಾವ್ಯವಸ್ಥೆಯನ್ನು ತಾನೇ ಪರಿಶೀಲಿಸಿ, ತಂಡಗಳ ಆಟಗಾರರು ಉಳಿದ ವಿದ್ಯಾರ್ಥಿಗಳಿಗಿಂತ ಜನಾಂಗದಲ್ಲಿಯೂ ಆರ್ಥಿಕ ಸ್ಥಿತಿಯಲ್ಲಿಯೂ ಕಡಿಮೆ ವೈವಿಧ್ಯವುಳ್ಳವರೆಂಬುದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಸಂಸ್ಥೆಯೊಂದು ತನ್ನ ಕೊರತೆಯನ್ನು ತಾನೇ ಅಳೆದು ಪ್ರಕಟಿಸುವ ಧೈರ್ಯ ಪ್ರಶಂಸಾರ್ಹವಾದುದು.

ಉಪಸಂಹಾರ

2020ರ ಜುಲೈ ತಿಂಗಳಿನಲ್ಲಿ ಕೋವಿಡ್ ಸಾಂಕ್ರಾಮಿಕದ ನಡುವೆ ಈ ಕಾಲೇಜುಗಳ ಅಧ್ಯಕ್ಷರು ಆ ವರ್ಷದ ಶರತ್ಕಾಲದ ಪಂದ್ಯಗಳನ್ನು ರದ್ದುಗೊಳಿಸಿದರು. ದೂರದರ್ಶನದ ಹಣವನ್ನು ನೆಚ್ಚಿಕೊಂಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹಲವು ಆ ವರ್ಷವೂ ಆಡಲೇಬೇಕಾಯಿತು. ಆಟವನ್ನು ನಿಲ್ಲಿಸುವ ಶಕ್ತಿ ಯಾರಿಗಿದೆಯೋ ಅವರೇ ಆಟದ ಯಜಮಾನರು. ನೆಸ್ಕ್ಯಾಕ್‌ನಲ್ಲಿ ಆ ಶಕ್ತಿ ವಿದ್ಯಾಸಂಸ್ಥೆಯಲ್ಲಿಯೇ ಉಳಿದಿದೆ. ಐವತ್ತು ವರ್ಷಗಳಿಗೂ ಮಿಕ್ಕಿದ ಇತಿಹಾಸದ ಸಾರ ಇದೇ.

ಈ ಇತಿಹಾಸದಿಂದ ಶಿಕ್ಷಣದ ಹಿತಚಿಂತಕರೆಲ್ಲರೂ ಕೇಳಿಕೊಳ್ಳಬಹುದಾದ ಪ್ರಶ್ನೆಗಳಿವೆ. ನಮ್ಮ ಆಟದ ವೇಳಾಪಟ್ಟಿಯನ್ನು ಪಾಠದ ವೇಳಾಪಟ್ಟಿ ನಿರ್ಧರಿಸುತ್ತಿದೆಯೇ, ಅಥವಾ ಅದು ತಿರುವುಮುರುವಾಗಿದೆಯೇ ಎಂಬುದು ಶಿಕ್ಷಕರ ಪ್ರಶ್ನೆ. ಗೆದ್ದ ವರ್ಷದಲ್ಲಿ ಮಾತ್ರ ಸಂಸ್ಥೆಯನ್ನು ನೆನೆಯುತ್ತೇವೆಯೇ ಎಂಬುದು ಹಳೆಯ ವಿದ್ಯಾರ್ಥಿಗಳ ಪ್ರಶ್ನೆ. ಮೈದಾನಕ್ಕೆ ಕೊಟ್ಟ ಹಣವು ಹನ್ನೊಂದು ಮಂದಿ ಆಯ್ದ ಆಟಗಾರರಿಗಷ್ಟೇ ಸಲ್ಲುತ್ತಿದೆಯೋ, ಆರಿಸಲ್ಪಡದ ಐನೂರು ಮಕ್ಕಳಿಗೂ ಆಡುವ ಎಡೆಯಾಗುತ್ತಿದೆಯೋ ಎಂಬುದು ದಾನಿಗಳ ಪ್ರಶ್ನೆ.

ಬೇಲಿಯಿಲ್ಲದ ಹೊಲದಲ್ಲಿ ಬೆಳೆ ನಿಲ್ಲದು. ಬೇಲಿಯೇ ಎದ್ದು ಹೊಲ ಮೇಯ್ದರೂ ನಿಲ್ಲದು. ಆಟಕ್ಕೆ ಹಾಕಿದ ಎಲ್ಲೆಯು ಆಟವನ್ನೂ ಓದನ್ನೂ ಕಾಯುವಂತಿರಬೇಕು, ಮತ್ತು ಆ ಎಲ್ಲೆ ಇನ್ನೂ ನಿಂತಿದೆಯೇ ಎಂದು ವರ್ಷವರ್ಷವೂ ಸುತ್ತಿ ನೋಡಿಬರುವವರು ಇರಬೇಕು. ಆ ಹೊಣೆಯನ್ನು ಹೊತ್ತ ಸಂಸ್ಥೆಗಳಲ್ಲಿ ಮಕ್ಕಳು ಸೋತು ಬಂದ ಸಂಜೆಯೂ ಕಲಿತೇ ಬಂದಿರುತ್ತಾರೆ.