ಬಿಸಿನೀರಿನ ತೊಟ್ಟಿ: ನೀರನ್ನು ಬದಲಿಸುವ ಕಾಲ ಯಾವುದು?

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಅಲ್ಲಿನ ಹಿತ್ತಿಲ ಬಿಸಿನೀರಿನ ತೊಟ್ಟಿಯ, ಅಂದರೆ ಹಾಟ್ ಟಬ್ಬಿನ, ವಿಷಯವಾಗಿ ನಮ್ಮನ್ನು ಆಗಾಗ ಕೇಳುವುದುಂಟು. ಮಂಡಿನೋವು, ಸೊಂಟನೋವುಗಳಿಗೆ ಅದು ಹಿತವೆನಿಸುವುದು ಸಹಜ. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯದಲ್ಲಿ ಹೇಳಿರುವ 13 ಬಗೆಯ ಅಗ್ನಿಸ್ವೇದಗಳಲ್ಲಿ ಅವಗಾಹವೂ ಒಂದು. ಆದರೆ ಇವೆರಡರ ನಡುವಣ ಭೇದವನ್ನು ಮರೆಯಬಾರದು. ಅವಗಾಹಕ್ಕೆ ನಾವು ಒಬ್ಬ ರೋಗಿಗೆಂದೇ ಕಷಾಯ ಕಾಯಿಸುತ್ತೇವೆ, ಬಳಸಿದ ಮೇಲೆ ಚೆಲ್ಲುತ್ತೇವೆ. ಹಾಟ್ ಟಬ್ಬಿನಲ್ಲಾದರೋ ಅದೇ ನೀರು ವಾರಗಟ್ಟಲೆ ಸುತ್ತುತ್ತಿರುತ್ತದೆ.

ನೀರು ಕೆಡುವ ಬಗೆ

ಬೆವರು, ಮೈಯೆಣ್ಣೆ, ಸಾಬೂನಿನ ಶೇಷಗಳು ನೀರಿನಲ್ಲಿ ಸೇರುತ್ತಲೇ ಇರುತ್ತವೆ. ಕ್ಲೋರಿನ್ ಕ್ರಿಮಿಗಳನ್ನು ಕೊಲ್ಲುತ್ತದೆಯೇ ಹೊರತು ಕರಗಿದ ಕೊಳೆಯನ್ನು ಹೊರಹಾಕದು. ಕೊಳೆ ಹೆಚ್ಚಿದಷ್ಟೂ ಕ್ಲೋರಿನ್ ಅದರಲ್ಲಿಯೇ ವ್ಯಯವಾಗುತ್ತದೆ. ಶಾಖವೂ ಅದನ್ನು ಬೇಗ ಕುಂದಿಸುತ್ತದೆ. ಆಗ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯಲು ಅವಕಾಶವಾಗುತ್ತದೆ. ಅದಕ್ಕೆ 25ರಿಂದ 45 ಡಿಗ್ರಿ ಸೆಲ್ಸಿಯಸ್ ಶಾಖ ಬಹು ಪ್ರಿಯ. 1999ರಲ್ಲಿ ನೆದರ್‌ಲೆಂಡ್ಸ್‌ನ ಬೋವೆನ್‌ಕಾರ್ಸ್‌ಪೆಲ್ ಊರಿನ ಪುಷ್ಪಪ್ರದರ್ಶನದಲ್ಲಿ ನೋಟಕ್ಕೆಂದು ಇರಿಸಿದ್ದ ಇಂತಹ ತೊಟ್ಟಿಯ ತುಂತುರನ್ನು ಉಸಿರಾಡಿದವರಿಗೆ ಶ್ವಾಸಕೋಶದ ಉರಿಯೂತ ತಗುಲಿ, 25ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅಪಾಯವು ಮುಳುಗಿದವರಿಗಷ್ಟೇ ಅಲ್ಲವೆಂಬುದು ಇದರಿಂದ ಸ್ಪಷ್ಟ.

ಬದಲಿಸುವ ಕಾಲ

ತೊಟ್ಟಿಯಲ್ಲಿ ಹಿಡಿಯುವ ನೀರಿನ ಲೀಟರುಗಳನ್ನು 12ರಿಂದ ಭಾಗಿಸಿ, ಬಂದುದನ್ನು ದಿನವೂ ಇಳಿಯುವವರ ಸಂಖ್ಯೆಯಿಂದ ಮತ್ತೆ ಭಾಗಿಸಿರಿ. 1200 ಲೀಟರಿನ ತೊಟ್ಟಿಗೆ ನಾಲ್ವರು ಇಳಿಯುವುದಾದರೆ ಸುಮಾರು 25 ದಿನ. ಬಳಕೆ ಎಷ್ಟೇ ಕಡಿಮೆಯಿದ್ದರೂ ಮೂರು ತಿಂಗಳನ್ನು ಮೀರಿಸಬಾರದು.

ಈ ಚಿಹ್ನೆಗಳು ಕಂಡರೆ ದಿನದ ಲೆಕ್ಕವನ್ನು ಕಾಯದೆ ಬದಲಿಸಬೇಕು:

1. ಯಂತ್ರ ನಿಲ್ಲಿಸಿದ ಮೇಲೂ ನೊರೆ ಅಡಗದಿರುವುದು.
2. ಫಿಲ್ಟರ್ ತೊಳೆದು ಕ್ಲೋರಿನ್ ಹಾಕಿದರೂ ನೀರು ಮಬ್ಬಾಗಿರುವುದು.
3. ಕಣ್ಣುರಿಸುವ ಕಟುವಾಸನೆ. ಇದು ಶುದ್ಧಿಯ ಲಕ್ಷಣವಲ್ಲ, ಕೊಳೆಯೊಡನೆ ಕೂಡಿದ ಕ್ಲೋರಿನ್ನಿನ ವಾಸನೆ.
4. ಒಳಗೋಡೆಯಲ್ಲಿ ಲೋಳೆ.
5. ಸ್ನಾನದ ನಂತರ ಒಂದೆರಡು ದಿನಗಳಲ್ಲಿ, ವಿಶೇಷವಾಗಿ ಬಟ್ಟೆ ಮುಚ್ಚಿದ ಭಾಗದಲ್ಲಿ, ತುರಿಕೆಯ ಕೆಂಪು ಗುಳ್ಳೆಗಳು ಏಳುವುದು.

ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ಶುದ್ಧವೆಂದು ಭಾವಿಸಲಾಗದು. ಇಳಿಯುವ ಮುನ್ನ ಪರೀಕ್ಷಾಪಟ್ಟಿಯನ್ನು ಅದ್ದಿ ನೋಡಬೇಕು. ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಕ್ಲೋರಿನ್ ಇರಬೇಕು, ಪಿಎಚ್ 7.0ರಿಂದ 7.8ರೊಳಗಿರಬೇಕು. ನೀರನ್ನು ಬದಲಿಸುವಾಗ ವಿದ್ಯುತ್ತನ್ನು ನಿಲ್ಲಿಸಿ, ನೀರನ್ನೆಲ್ಲ ಹೊರಬಿಟ್ಟು, ಒಳಮೈಯನ್ನು ಉಜ್ಜಿ, ಫಿಲ್ಟರನ್ನು ತೊಳೆದು, ಆಮೇಲೆಯೇ ಹೊಸ ನೀರು ತುಂಬಬೇಕು.

ನಮ್ಮವರು ಮಾಡುವ ತಪ್ಪು

ಅಭ್ಯಂಗ ಮಾಡಿಕೊಂಡು ಎಣ್ಣೆಮೈಯಲ್ಲೇ ತೊಟ್ಟಿಗಿಳಿಯುವವರಿದ್ದಾರೆ. ಕೆಲವರು ಬೇವಿನ ಸೊಪ್ಪನ್ನೂ ಹಾಕುತ್ತಾರೆ. ಇವೆರಡೂ ಫಿಲ್ಟರನ್ನು ಕಟ್ಟಿಸಿ ಕ್ಲೋರಿನ್ನನ್ನು ನಿರ್ವೀರ್ಯಗೊಳಿಸುತ್ತವೆ. ಎಣ್ಣೆಯನ್ನು ಸೀಗೆಕಾಯಿಯಿಂದ ತೊಳೆದುಕೊಂಡೇ ಇಳಿಯಬೇಕು. ಔಷಧಿಯ ಅವಗಾಹ ಬೇಕಾದವರು ಸಾಮಾನ್ಯ ತೊಟ್ಟಿಯಲ್ಲಿ ಮಾಡಿ, ಆ ನೀರನ್ನು ಅಂದೇ ಚೆಲ್ಲಬೇಕು.

ಶಾಖವು 40 ಡಿಗ್ರಿಯನ್ನು ಮೀರದಿರಲಿ, 15 ನಿಮಿಷ ಸಾಕು. ಗರ್ಭಿಣಿಯರಿಗೆ, ಮಧುಮೇಹಿಗಳಿಗೆ, ಪಿತ್ತಪ್ರಕೃತಿಯವರಿಗೆ ಶಾಸ್ತ್ರವು ಸ್ವೇದವನ್ನು ನಿಷೇಧಿಸಿದೆ. ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇಳಿಯಬಾರದು. ತೊಟ್ಟಿಯ ಸ್ನಾನವಾದ ಎರಡು ವಾರಗಳೊಳಗೆ ಜ್ವರ, ಕೆಮ್ಮು, ಏದುಸಿರು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ, ತೊಟ್ಟಿಗಿಳಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆ ಒಂದು ಮಾತಿನಿಂದ ಸರಿಯಾದ ಪರೀಕ್ಷೆ ಬೇಗ ನಡೆದು ಪ್ರಾಣ ಉಳಿಯಬಹುದು.